ಗೊಂಬೆಯ ಮೇಲೆ ನಟನ ಮುಖ

ಅಮೆರಿಕದ ಸಿನ್ಸಿನಾಟಿ ನಗರದ ಕೆನ್ನರ್ ಎಂಬ ಆಟಿಕೆ ಕಂಪನಿ 1978ರಲ್ಲಿ ಹ್ಯಾನ್ ಸೋಲೊ ಎಂಬ ಪ್ಲಾಸ್ಟಿಕ್ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಹಿಂದಿನ ವರ್ಷ ತೆರೆಕಂಡಿದ್ದ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಹ್ಯಾರಿಸನ್ ಫೋರ್ಡ್ ವಹಿಸಿದ್ದ ಪಾತ್ರ ಅದು. ಮೊದಲು ಬಂದ ಗೊಂಬೆಗಳ ತಲೆ ಚಿಕ್ಕದು. ಸ್ವಲ್ಪ ಕಾಲದಲ್ಲೇ ಕಂಪನಿ ಅಚ್ಚನ್ನು ಬದಲಿಸಿ ದೊಡ್ಡ ತಲೆಯ ಗೊಂಬೆಯನ್ನು ಹೊರತಂದಿತು. 'ಸಣ್ಣ ತಲೆ'ಯದು ನಟನಿಗೆ ಹತ್ತಿರವೋ, 'ದೊಡ್ಡ ತಲೆ'ಯದೋ ಎಂಬ ವಾದ ಸಂಗ್ರಾಹಕರ ನಡುವೆ ಅಂದಿನಿಂದ ಇಂದಿನವರೆಗೂ ನಡೆದಿದೆ. ನಾವು ಮಾತನಾಡುತ್ತಿರುವುದು ಕಡಲೆಕಾಯಿ ಬೀಜದಷ್ಟು ಗಾತ್ರದ ಒಂದು ತಲೆಯ ಬಗ್ಗೆ ಎಂಬುದನ್ನು ಮರೆಯಬಾರದು!

ಚಿತ್ರನಟರ ಮುಖ ಗೊಂಬೆಗೆ ಬಂದದ್ದು ಇದೇ ಮೊದಲಲ್ಲ. 1934ರಲ್ಲಿ ಐಡಿಯಲ್ ಕಂಪನಿ ಬಾಲನಟಿ ಶರ್ಲಿ ಟೆಂಪಲ್‌ಳ ಗೊಂಬೆಯನ್ನು ಮಾಡಿತ್ತು. ಬರ್ನಾರ್ಡ್ ಲಿಪ್‌ಫರ್ಟ್ ಎಂಬ ಹೆಸರಾಂತ ಶಿಲ್ಪಿ ಅದರ ಮುಖವನ್ನು ರೂಪಿಸಿದ. ಗುಂಗುರು ಕೂದಲು, ಕೆನ್ನೆಯ ಗುಳಿ, ನಗು ಇಷ್ಟಿದ್ದರೆ ಜನ ಗುರುತಿಸುತ್ತಿದ್ದರು. 1964ರಲ್ಲಿ ಹ್ಯಾಸ್ಬ್ರೊ ಕಂಪನಿ ಗಂಡುಮಕ್ಕಳಿಗಾಗಿ 'ಜಿ.ಐ. ಜೋ' ಎಂಬ ಸೈನಿಕನನ್ನು ತಂದಾಗ 'ಗೊಂಬೆ' ಎಂದರೆ ಹುಡುಗರು ಕೊಳ್ಳಲಾರರು ಎಂದು 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರನ್ನು ಹುಟ್ಟಿಸಿತು. ಆ ಸೈನಿಕನ ಮುಖ ಯಾವ ಒಬ್ಬ ವ್ಯಕ್ತಿಯದೂ ಅಲ್ಲ. ಕೆನ್ನೆಯ ಮೇಲೊಂದು ಗಾಯದ ಗುರುತು ಮಾತ್ರ ಇತ್ತು, ಅದೂ ನಕಲಿ ಮಾಲನ್ನು ಪತ್ತೆಹಚ್ಚಲು ಅನುಕೂಲವಾಗಲೆಂದು. ಹೋಲಿಕೆಯ ಪ್ರಶ್ನೆಯೇ ಅಲ್ಲಿರಲಿಲ್ಲ.

1974ರಲ್ಲಿ ಮೇಗೊ ಕಂಪನಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಪಾತ್ರಗಳನ್ನು ಎಂಟು ಅಂಗುಲದ ಗೊಂಬೆಗಳಾಗಿ ಮಾಡಿತು. ಮೈ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ; ತಲೆ ಮತ್ತು ಬಟ್ಟೆ ಬೇರೆ. ಮುಖವೊಂದೇ ಪಾತ್ರವನ್ನು ಹೊರಬೇಕಾಯಿತು. ಇದೇ ಮೇಗೊ ಮುಂದೆ 'ಸ್ಟಾರ್ ವಾರ್ಸ್' ಪರವಾನಗಿಯನ್ನು ಬೇಡವೆಂದಿತು, ಕೆನ್ನರ್ ಒಪ್ಪಿಕೊಂಡಿತು. ಆಟಿಕೆ ಉದ್ಯಮದಲ್ಲಿ ಇದಕ್ಕಿಂತ ದುಬಾರಿ ನಿರಾಕರಣೆ ನಡೆದಿರಲಾರದು ಎಂದು ನನಗೆ ಅನ್ನಿಸುತ್ತದೆ.

ಕೆನ್ನರ್ ಆರಿಸಿಕೊಂಡ ಅಳತೆ ಸುಮಾರು ಮೂರೂ ಮುಕ್ಕಾಲು ಅಂಗುಲ, ಅಂದರೆ 9.5 ಸೆಂಟಿಮೀಟರ್. ಗೊಂಬೆ ಸಣ್ಣದಾದರೆ ಅದು ಕೂರುವ ವಿಮಾನವನ್ನೂ ಕೈಗೆಟಕುವ ಬೆಲೆಯಲ್ಲಿ ಮಾಡಬಹುದು ಎಂಬುದು ಲೆಕ್ಕ. ವ್ಯಾಪಾರಕ್ಕೆ ಅದು ಜಾಣತನ. ಶಿಲ್ಪಿಗೆ ಮಾತ್ರ ಸಂಕಟ. ಕಾಗದ ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ. ಮನುಷ್ಯನ ಹದಿನೆಂಟನೆಯ ಒಂದು ಪಾಲು ಇಂಥ ಗೊಂಬೆ. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಗೊಂಬೆಯಲ್ಲಿ ಅದು ಮೂರೂವರೆ ಮಿಲಿಮೀಟರ್. ಮೂಗಿನ ಬಳಿ ಶಿಲ್ಪಿಯ ಕೈ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಜಾರಿತೆನ್ನಿ. ನಿಜವಾದ ಮುಖದ ಮೇಲೆ ಅದು ಸುಮಾರು ಎರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಸಮ. ನಿಮ್ಮ ತಾಯಿಯ ಮೂಗು ಎರಡು ಮಿಲಿಮೀಟರ್ ಬೇರೆಯಾದರೆ ನಿಮಗೆ ತಿಳಿಯದೆ ಇರುತ್ತದೆಯೇ?

ಮುಖ ಗುರುತಿಸುವ ವಿಷಯದಲ್ಲಿ ನಮ್ಮ ಮಿದುಳು ಅಷ್ಟು ಚುರುಕು. ಎಲೆಯ ಆಕಾರದಲ್ಲೋ ಕುರ್ಚಿಯ ಆಕಾರದಲ್ಲೋ ಇಷ್ಟು ಸಣ್ಣ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಗೊಂಬೆಯ ಬೂಟು, ಬೆಲ್ಟು, ಬಂದೂಕುಗಳ ತಪ್ಪನ್ನು ಕ್ಷಮಿಸುವ ಸಂಗ್ರಾಹಕ ಮುಖದ ತಪ್ಪನ್ನು ಮಾತ್ರ ಕ್ಷಮಿಸುವುದಿಲ್ಲ.

ಶಿಲ್ಪಿ ಸರಿಯಾಗಿಯೇ ಕೆತ್ತಿದನೆಂದುಕೊಳ್ಳೋಣ. ಆಮೇಲೆ ಉಕ್ಕಿನ ಅಚ್ಚು ತಯಾರಾಗಬೇಕು. ಅದರೊಳಕ್ಕೆ ಒತ್ತಡದಿಂದ ನುಗ್ಗಿಸಿದ ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಆ ಕುಗ್ಗುವಿಕೆಗೆಂದೇ ಮೂಲ ಮಾದರಿಯನ್ನು ತುಸು ದೊಡ್ಡದಾಗಿ ಮಾಡಿಕೊಳ್ಳುತ್ತಾರೆ. ಕೊನೆಗೆ ಬಣ್ಣ. ಕಣ್ಣಿನ ಬಿಳಿಯ ಮೇಲೆ ಒಂದು ಕಪ್ಪು ಚುಕ್ಕೆ ಬೀಳಬೇಕು. ಕನ್ನಡಿಯಲ್ಲಿ ನಿಮ್ಮ ಕಣ್ಣನ್ನು ನೋಡಿಕೊಳ್ಳಿ. ಮೇಲಿನ ರೆಪ್ಪೆ ಕಪ್ಪು ಗೋಲದ ಅಂಚನ್ನು ಒಂದೆರಡು ಮಿಲಿಮೀಟರ್ ಮುಚ್ಚಿರುತ್ತದೆ. ಗೊಂಬೆಯಲ್ಲಿ ಚುಕ್ಕೆ ಸ್ವಲ್ಪ ಕೆಳಗೆ ಜಾರಿ ಸುತ್ತಲೂ ಬಿಳಿ ಕಂಡರೆ ಸಾಕು, ಧೀರ ನಾಯಕ ದೆವ್ವ ಕಂಡವನಂತೆ ಬೆದರಿ ನಿಲ್ಲುತ್ತಾನೆ. ವಿಗ್ರಹಕ್ಕೆ ಕಣ್ಣು ಬರೆಯುವ ಕೆಲಸವನ್ನು ನಮ್ಮ ಶಿಲ್ಪಿಗಳು ಕೊನೆಗೆ ಉಳಿಸಿಕೊಳ್ಳುವುದು ಸುಮ್ಮನೆ ಅಲ್ಲ.

1995ರಲ್ಲಿ ಕೆನ್ನರ್ 'ಸ್ಟಾರ್ ವಾರ್ಸ್' ಗೊಂಬೆಗಳನ್ನು ಮತ್ತೆ ಹೊಸದಾಗಿ ತಂದಿತು. ಅಷ್ಟು ಹೊತ್ತಿಗೆ 1978ರ ಮಕ್ಕಳು ದೊಡ್ಡವರಾಗಿ ಸಂಬಳ ಎಣಿಸುತ್ತಿದ್ದರು. ಆಟವಾಡಲು ಅಲ್ಲ, ಜೋಡಿಸಿಡಲು ಕೊಳ್ಳುವವರ ಒಂದು ವರ್ಗವೇ ಹುಟ್ಟಿತ್ತು. ಹೊಸ ಗೊಂಬೆಗಳೆಲ್ಲ ಗರಡಿಯಾಳುಗಳಂತೆ ಮೈ ಉಬ್ಬಿಸಿಕೊಂಡಿದ್ದವು. ರಾಜಕುಮಾರಿ ಲೇಯಾಳ ಗೊಂಬೆಗಂತೂ ಸಂಗ್ರಾಹಕರು 'ಕೋತಿಮುಖ' ಎಂದೇ ಅಡ್ಡಹೆಸರಿಟ್ಟರು. ಆ ಪಾತ್ರ ವಹಿಸಿದ್ದ ಕ್ಯಾರಿ ಫಿಶರ್ ಬದುಕಿದ್ದ ನಟಿ. ತನ್ನದೆಂದು ಮಾರಾಟವಾಗುವ ಮುಖವನ್ನು ಜನ ಹೀಗೆ ಕರೆದಾಗ ಆಕೆಗೆ ಏನನ್ನಿಸಿರಬಹುದು ಎಂದು ಆ ವಾದದಲ್ಲಿ ಕೇಳಿದವರು ಕಡಿಮೆ.

ಆದರೆ ಶಿಲ್ಪಿಯನ್ನು ಪೂರ್ತಿ ದೂರುವ ಮೊದಲು ಇನ್ನೊಂದು ಮಾತಿದೆ. ನಾವು ನೆನಪಿಟ್ಟುಕೊಂಡಿರುವ ನಟನ ಮುಖ ಚಲಿಸುವ ಮುಖ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ನಮ್ಮ ದೂರದರ್ಶನದಲ್ಲಿ 25. ಸಂಕಲನದ ಮೇಜಿನ ಮುಂದೆ ಕುಳಿತವರಿಗೆಲ್ಲ ಇದರ ಅನುಭವವಿದೆ. ಚೆನ್ನಾಗಿ ಮಾತನಾಡುತ್ತಿರುವ ಅತಿಥಿಯ ದೃಶ್ಯವನ್ನು ಎಲ್ಲೋ ಒಂದು ಕಡೆ ನಿಲ್ಲಿಸಿದರೆ ಅರ್ಧ ಮುಚ್ಚಿದ ಕಣ್ಣು, ಸೊಟ್ಟ ಬಾಯಿ. ಇವರೇನಾ ಅವರು ಎನ್ನಿಸುತ್ತದೆ. ಅಂಥ ಹತ್ತು ಹದಿನೈದು ಚೌಕಟ್ಟುಗಳನ್ನು ದಾಟಿದ ಮೇಲೆ 'ಅವರ' ಮುಖ ಸಿಗುತ್ತದೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನೇ ಪರೀಕ್ಷಿಸಿ, ಅದೇ ಮುಖ ಚಲಿಸುವಾಗ ಚೆನ್ನಾಗಿಯೂ ನಿಂತಾಗ ಅಷ್ಟು ಚೆನ್ನಾಗಿಲ್ಲದೆಯೂ ಕಾಣುತ್ತದೆಂದು ತೋರಿಸಿದರು. 'ಹೆಪ್ಪುಗಟ್ಟಿದ ಮುಖ' ಎಂಬರ್ಥದ ಹೆಸರನ್ನೂ ಅದಕ್ಕೆ ಕೊಟ್ಟರು.

ಗೊಂಬೆ ಹೆಪ್ಪುಗಟ್ಟಿದ ಮುಖವೇ ತಾನೆ? ಯಾವ ಚೌಕಟ್ಟಿನಲ್ಲಿ ಹೆಪ್ಪುಗಟ್ಟಿಸಬೇಕು? ಸಂಗ್ರಾಹಕರು ಇಲ್ಲಿ ಎರಡು ಪಂಗಡ. ಭಾವವಿಲ್ಲದ ಮುಖವಿದ್ದರೆ ಯಾವ ಭಂಗಿಯಲ್ಲಾದರೂ ನಿಲ್ಲಿಸಬಹುದು ಎನ್ನುತ್ತಾರೆ ಕೆಲವರು. ಹ್ಯಾರಿಸನ್ ಫೋರ್ಡ್ ಎಂದರೆ ತುಟಿಯ ಒಂದು ಕೊನೆಯ ತುಂಟ ನಗುವೇ, ಅದನ್ನು ತೆಗೆದರೆ ಉಳಿಯುವವನು ಯಾರೋ ದಾರಿಹೋಕ ಎನ್ನುತ್ತಾರೆ ಇನ್ನು ಕೆಲವರು. ನನ್ನ ಒಲವು ಎರಡನೆಯವರ ಕಡೆಗೆ. ಆದರೆ ನಗುವನ್ನು ಕೆತ್ತುವುದು ಸುಲಭವಲ್ಲ. ನಿಜವಾದ ನಗುವಿನಲ್ಲಿ ತುಟಿಯಷ್ಟೇ ಅಲ್ಲ, ಕಣ್ಣಿನ ಸುತ್ತಲಿನ ಸ್ನಾಯುವೂ ಕೆಲಸ ಮಾಡುತ್ತದೆ ಎಂದು ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ತೋರಿಸಿದ್ದ. ತುಟಿ ಮಾತ್ರ ನಕ್ಕ ಗೊಂಬೆ ಅಂಗಡಿಯ ಬಾಗಿಲಲ್ಲಿ ನಿಂತ ಮಾರಾಟಗಾರನಂತೆ ಕಾಣುತ್ತದೆ.

ಈ ಜಗಳಕ್ಕೆ ಯಂತ್ರ ಪರಿಹಾರ ಕೊಡುವುದೆಂದು ಅನೇಕರು ನಂಬಿದ್ದರು. 2001ರಲ್ಲಿ ಬಂದ 'ಲಾರ್ಡ್ ಆಫ್ ದಿ ರಿಂಗ್ಸ್' ಗೊಂಬೆಗಳಿಗೆ ನಟರ ಮುಖವನ್ನೇ ಸ್ಕ್ಯಾನ್ ಮಾಡಿ ಅಳತೆ ತೆಗೆದಿದ್ದರು. 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಆರಂಭವಾದ ಹಾಟ್ ಟಾಯ್ಸ್ ಕಂಪನಿ ಆರನೆಯ ಒಂದು ಪಾಲಿನ ಗೊಂಬೆಗಳಲ್ಲಿ ಚರ್ಮದ ರಂಧ್ರಗಳನ್ನೂ ತೋರಿಸತೊಡಗಿತು. ಕೆಲವು ಗೊಂಬೆಗಳ ಕಣ್ಣುಗುಡ್ಡೆಯನ್ನು ತಿರುಗಿಸಲೂ ಬಹುದು. ಮುಂದಿನ ದಶಕದಲ್ಲಿ ಹ್ಯಾಸ್ಬ್ರೊ ಮುಖದ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಮುದ್ರಿಸುವ ವಿಧಾನಕ್ಕೆ ಬಂತು. ಹೋಲಿಕೆ ಸುಧಾರಿಸಿದ್ದು ನಿಜ. ಜಗಳ ಮಾತ್ರ ನಿಲ್ಲಲಿಲ್ಲ. ಸ್ಕ್ಯಾನರ್ ಮುಂದೆ ಕುಳಿತ ನಟ ಆ ಕ್ಷಣದಲ್ಲಿ ಪಾತ್ರವಾಗಿರುವುದಿಲ್ಲ; ಅಳತೆ ತೆಗೆಯಲೆಂದು ಅಲುಗಾಡದೆ ಕುಳಿತ ಮನುಷ್ಯನಷ್ಟೇ.

ಇನ್ನು ಮುಖ ಯಾರ ಸ್ವತ್ತು ಎಂಬ ಪ್ರಶ್ನೆ. 1931ರ 'ಡ್ರಾಕುಲ' ಚಿತ್ರದ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಆತನ ಡ್ರಾಕುಲ ರೂಪವನ್ನು ಆಟಿಕೆ ಮುಂತಾದ ಸರಕುಗಳಿಗೆ ಬಳಸಲು ಯೂನಿವರ್ಸಲ್ ಸ್ಟುಡಿಯೊ ಪರವಾನಗಿ ಕೊಟ್ಟಿತು. ಹೆಂಡತಿ ಮತ್ತು ಮಗ ನ್ಯಾಯಾಲಯಕ್ಕೆ ಹೋದರು. ಈ ಹಕ್ಕು ನಟನೊಂದಿಗೇ ಮುಗಿಯಿತು, ವಾರಸುದಾರರಿಗೆ ಬರುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿತು. 1985ರಿಂದ ಜಾರಿಗೆ ಬಂದ ಕಾನೂನು ಅದನ್ನು ಬದಲಿಸಿ ವಾರಸುದಾರರಿಗೆ 50 ವರ್ಷಗಳ ಹಕ್ಕು ಕೊಟ್ಟಿತು. ಮುಂದೆ ಅದು 70 ವರ್ಷವಾಯಿತು. 'ಚಿಯರ್ಸ್' ಎಂಬ ದೂರದರ್ಶನ ಧಾರಾವಾಹಿಯ ಇಬ್ಬರು ನಟರು, ವಿಮಾನ ನಿಲ್ದಾಣಗಳ ಬಾರಿನಲ್ಲಿ ತಮ್ಮನ್ನು ಹೋಲುವ ಯಂತ್ರಗೊಂಬೆಗಳನ್ನು ಕೂರಿಸಿದ್ದಕ್ಕೆ ದಾವೆ ಹೂಡಿದರು. ಪಾತ್ರ ಸ್ಟುಡಿಯೊದ್ದೇ ಇರಬಹುದು, ಆದರೆ ಪಾತ್ರ ವಹಿಸಿದ ಮಾತ್ರಕ್ಕೆ ನಟ ತನ್ನ ಮುಖದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದು 1997ರಲ್ಲಿ ಮೇಲ್ಮನವಿ ನ್ಯಾಯಾಲಯ ಅಭಿಪ್ರಾಯಪಟ್ಟಿತು. ನಮ್ಮಲ್ಲಿಯೂ ಇಂಥದು ನಡೆದಿದೆ. ಗಾಯಕ ದಲೇರ್ ಮೆಹೆಂದಿಯವರನ್ನು ಹೋಲುವ, ಅವರ ಹಾಡು ಹಾಡುವ ಗೊಂಬೆಗಳನ್ನು ಅನುಮತಿಯಿಲ್ಲದೆ ಮಾರಿದ್ದರ ವಿರುದ್ಧ ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿತು. ಆಟಿಕೆ ಅಂಗಡಿಯಲ್ಲಿ ಹುಟ್ಟಿದ ಪ್ರಶ್ನೆ ನಮ್ಮ ಕಾನೂನು ಪುಸ್ತಕಕ್ಕೂ ಸೇರಿದ್ದು ಹೀಗೆ.

ಮತ್ತೆ 1977ರ ಚಿತ್ರಕ್ಕೆ ಬರೋಣ. ಅದರಲ್ಲಿ ಪೀಟರ್ ಕುಶಿಂಗ್ ವಹಿಸಿದ ಟಾರ್ಕಿನ್ ಮುಖ್ಯ ಖಳರಲ್ಲಿ ಒಬ್ಬ. ಕೆನ್ನರ್ 1985ರವರೆಗೆ ತೊಂಬತ್ತಕ್ಕೂ ಹೆಚ್ಚು ಗೊಂಬೆಗಳನ್ನು ಮಾಡಿತು, ಒಂದೆರಡು ಕ್ಷಣ ತೆರೆಯಲ್ಲಿ ಸುಳಿದ ಜೀವಿಗಳನ್ನೂ ಬಿಡಲಿಲ್ಲ. ಟಾರ್ಕಿನ್ ಮಾತ್ರ ಬರಲಿಲ್ಲ. ಅವನ ಗೊಂಬೆ ಬಂದದ್ದು 1997ರಲ್ಲಿ, ಕುಶಿಂಗ್ ನಿಧನರಾಗಿ ಮೂರು ವರ್ಷಗಳ ಮೇಲೆ. 2016ರ 'ರೋಗ್ ಒನ್' ಚಿತ್ರದಲ್ಲಿ ಟಾರ್ಕಿನ್ ಮತ್ತೆ ಮಾತನಾಡಿದ. ಗೈ ಹೆನ್ರಿ ಎಂಬ ನಟ ಅಭಿನಯಿಸಿದರು, ಅವರ ಮುಖದ ಮೇಲೆ ಕುಶಿಂಗರ ಮುಖವನ್ನು ಗಣಕಯಂತ್ರದಿಂದ ಕೂರಿಸಲಾಯಿತು. ಹುಬ್ಬು ಏರಿಸಿದ್ದು ಹೆನ್ರಿ, ಕಂಡ ಹುಬ್ಬು ಕುಶಿಂಗರದು. ಈ ಟಾರ್ಕಿನ್‌ನ ಗೊಂಬೆ ಮಾಡುವ ಶಿಲ್ಪಿ ಯಾರನ್ನು ಎದುರಿಗೆ ಕೂರಿಸಿಕೊಂಡು ಕೆತ್ತಬೇಕು, ನೀವೇ ಹೇಳಿ.