ಕಣದ ಮೊದಲ ಕೊಳಗ

ಚಾಮರಾಜನಗರ ಜಿಲ್ಲೆಯ ನಮ್ಮೂರು ಹರದನಹಳ್ಳಿಯ ದಿವ್ಯಲಿಂಗೇಶ್ವರ ದೇವಸ್ಥಾನಕ್ಕೆ ಬಂದವರು ಸಾಮಾನ್ಯವಾಗಿ ಗೋಪುರ, ಕಂಬಗಳನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಬರಹವಿರುವ ಕಲ್ಲುಗಳ ಕಡೆಗೆ. ನಮ್ಮೂರಿನ ಶಾಸನಗಳು ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಗಿವೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಅವುಗಳಲ್ಲಿನ ರಾಜರ ಬಿರುದುಗಳಿಗಿಂತ ಕೊನೆಯ ಸಾಲುಗಳೇ ಹೆಚ್ಚು ಪ್ರಿಯ.

ಈ ನಾಡಿನ ದತ್ತಿಶಾಸನಗಳ ರೀತಿ ಹೀಗೆ: ಕೊಟ್ಟವರು ಯಾರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಆ ಹುಟ್ಟುವಳಿಯಿಂದ ಏನು ನಡೆಯಬೇಕು, ಎಲ್ಲವೂ ಊರೆದುರು ಕಲ್ಲಿನ ಮೇಲೆ ಕಾಣಬೇಕು. ಕೊನೆಗೆ ಶಾಪ: ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಕೆರೆ ಕಟ್ಟಿಸಿದವನಿಗೂ ಕಾಪಾಡುವವನಿಗೂ ಕೊಡಗಿ ಎಂದು ಭೂಮಿ ಬಿಡುತ್ತಿದ್ದರು. ಅಂದರೆ ಕೊಡುವಾಗಲೇ, ಇದನ್ನು ನಾಳೆ ನೋಡಿಕೊಳ್ಳುವವನ ಹೊಟ್ಟೆಗೇನು ಎಂದು ಯೋಚಿಸಿದ್ದರು. ಇಂದಿನ ಅನುದಾನಗಳಲ್ಲಿ ನಾನು ಹುಡುಕುವುದು ಆ ಯೋಚನೆಯನ್ನು.

ಊರಿನ ಮಕ್ಕಳನ್ನು ಊರೇ ಸಾಕಿ ಓದಿಸುವ ಪದ್ಧತಿಗೂ ಇಲ್ಲಿ ಹಳೆಯ ಬೇರಿದೆ. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಹರದನಹಳ್ಳಿಯಲ್ಲಿ. ತಂದೆ ಮಲ್ಲಿಕಾರ್ಜುನ, ತಾಯಿ ಜ್ಞಾನಾಂಬೆ. ಎಳವೆಯಲ್ಲೇ ಮಠದ ಆಶ್ರಯಕ್ಕೆ ಬಂದ ಈ ಹುಡುಗನನ್ನು ಬೆಳೆಸಿದವರು ಗೋಸಲ ಚನ್ನಬಸವೇಶ್ವರರು. ಮುಂದೆ ಏಳು ನೂರು ವಿರಕ್ತರೊಡನೆ ನಾಡು ಸುತ್ತಿ, ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ವಚನಗಳನ್ನು ಬರೆದು, ಎಡೆಯೂರಿನಲ್ಲಿ ಐಕ್ಯರಾದ ಈ ಮಹಾನುಭಾವರ ಬಾಲ್ಯಕ್ಕೆ ಅನ್ನ ಹಾಕಿದ್ದು ನಮ್ಮೂರಿನ ದಾಸೋಹದ ಒಲೆ. ಈ ಮಾತು ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಆ ಒಲೆಗೆ ಧಾನ್ಯ ಬರುತ್ತಿದ್ದುದು ಕಣದಿಂದ. ಸುಗ್ಗಿಯಲ್ಲಿ ರಾಗಿ ತೂರಿ ರಾಶಿ ಮಾಡಿ, ಸಗಣಿಯ ಬೆನಕನನ್ನಿಟ್ಟು ಪೂಜೆ ಮಾಡಿದ ಮೇಲೆ ನಮ್ಮ ತಾತ ಕೊಳಗ ಹಿಡಿಯುತ್ತಿದ್ದರು. ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಶುರು. ಮನೆಗೆ ಒಂದು ಕಾಳು ಹೋಗುವ ಮುಂಚೆ ದೇವರ ಪಾಲು, ಮಠದ ಪಾಲು, ಕಮ್ಮಾರ, ಅಗಸ, ಕ್ಷೌರಿಕರ ಆಯ, ಕತೆ ಹಾಡುತ್ತ ಬರುವ ನೀಲಗಾರರ ಜೋಳಿಗೆ, ಎಲ್ಲಕ್ಕೂ ಅಳೆದಾಗಬೇಕು. ಉಳಿದದ್ದನ್ನು ಕೊಡುವ ಪದ್ಧತಿಯೇ ಅಲ್ಲ ಅದು. ಮಳೆ ಕೈಕೊಟ್ಟ ವರ್ಷ ಕೊಳಗ ಸೇರಿಗೆ ಇಳಿಯುತ್ತಿತ್ತು, ಪಾಲು ಮಾತ್ರ ತಪ್ಪುತ್ತಿರಲಿಲ್ಲ.

ಇಂಥ ಕಾಳಿನ ಬಲದಲ್ಲೇ ಮಠಗಳ ಉಚಿತ ವಿದ್ಯಾರ್ಥಿ ನಿಲಯಗಳು ಎದ್ದವು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಹಳ್ಳಿ ಹುಡುಗರಿಗೆ ನಿಲಯ ತೆರೆದಾಗ ಯುದ್ಧಕಾಲ, ಧಾನ್ಯಕ್ಕೆ ಬರ. ಹುಡುಗರ ಊಟಕ್ಕಾಗಿ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂಬುದು ನಮ್ಮ ಕಡೆ ಮನೆಮನೆಯ ಮಾತು. 1954ರಲ್ಲಿ ಅವರು ಕಟ್ಟಿದ ಜೆಎಸ್‌ಎಸ್ ಮಹಾವಿದ್ಯಾಪೀಠ ಇಂದು ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ನಾನು ಓದಿದ್ದೂ ಒಂದು ಉಚಿತ ನಿಲಯದಲ್ಲಿ. ರಾಗಿ ಮುದ್ದೆ, ಹುರುಳಿ ಸಾರು. ಹಳ್ಳಿಗಳಿಂದ ಗಾಡಿಯಲ್ಲಿ ಬಂದ ಮೂಟೆಗಳನ್ನು ಇಳಿಸುವುದು ನಮ್ಮ ಭಾನುವಾರದ ಕೆಲಸ.

ಆದರೆ ಈ ಪಾಲು ಎಲ್ಲರ ಮಕ್ಕಳಿಗೂ ಮುಟ್ಟುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕಣದಲ್ಲಿ ಹಗಲಿಡೀ ದುಡಿದ ಕೇರಿಯ ಆಳಿಗೆ ರಾಶಿಯ ಅಡಿಗಾಳು ಸಿಗುತ್ತಿತ್ತು, ಅವನ ಮಗನಿಗೆ ಪಾಠಶಾಲೆಯ ಜಗಲಿ ಸಿಗುತ್ತಿರಲಿಲ್ಲ. ಅವರಿಗೂ ಇತರ ಹಿಂದುಳಿದವರಿಗೂ ಬಾಗಿಲು ತೆರೆದದ್ದು ಹೆಚ್ಚಾಗಿ ಸರ್ಕಾರ: ನಾಲ್ವಡಿಯವರ ಕಾಲದ ಪಂಚಮ ಶಾಲೆಗಳು, ಮೀಸಲಾತಿಗೆ ದಾರಿ ಮಾಡಿದ 1918ರ ಮಿಲ್ಲರ್ ಸಮಿತಿ, ದೇವರಾಜ ಅರಸರ ಕಾಲಕ್ಕೆ 1975ರ ಹಾವನೂರು ವರದಿ, ಆಮೇಲೆ ಸರ್ಕಾರಿ ಹಾಸ್ಟೆಲುಗಳು. ನನ್ನ ತರಗತಿಯಲ್ಲಿ ಕೂತು ಪೊಲೀಸ್, ನರ್ಸ್, ಮೇಷ್ಟ್ರು ಆದ ಎಷ್ಟೋ ಮಕ್ಕಳು ಉಂಡದ್ದು ಅಲ್ಲಿ. ಹಳೆಯ ದತ್ತಿಯನ್ನು ಹೊಗಳುವವರು ಈ ಪುಟವನ್ನು ಹಾರಿಸಬಾರದು.

1955ರ ಮೈಸೂರು ಧಾರ್ಮಿಕ ಮತ್ತು ದತ್ತಿ ಇನಾಂ ರದ್ದಿಯಾತಿ ಕಾಯ್ದೆ ಈ ಕತೆಯ ದೊಡ್ಡ ತಿರುವು. ದೇವಸ್ಥಾನ, ಮಠಗಳ ಇನಾಂ ಭೂಮಿ ಸರ್ಕಾರಕ್ಕೆ ಸೇರಿತು, ಬದಲಿಗೆ ತಸ್ತೀಕು ಎಂದು ನಗದು. ನಮ್ಮ ತಾತ ದೇವರ ಹೊಲವನ್ನು ವಾರಕ್ಕೆ ಉಳುತ್ತಿದ್ದವರು. ಉಳುವವನಿಗೆ ನೆಲ ಸಿಕ್ಕಿದ್ದು ಸರಿಯೆಂದೇ ನನ್ನ ನಂಬಿಕೆ. ಆದರೆ ನೆಲ ಕೊಡುತ್ತಿದ್ದದ್ದು ರಾಗಿ, ರಾಗಿಗೆ ಬೆಲೆ ಏರಿದರೆ ದತ್ತಿಯೂ ಏರುತ್ತಿತ್ತು. ತಸ್ತೀಕಿನ ರೂಪಾಯಿ ಇದ್ದಲ್ಲೇ ಇದ್ದು ಸವೆಯಿತು. ಶಾಲೆಗಳಲ್ಲಿ ಹಿರಿಯರ ಹೆಸರಿನ ದತ್ತಿ ಬಹುಮಾನಗಳಿಗೂ ಇದೇ ಗತಿ. ಅಂದು ಸಾವಿರ ರೂಪಾಯಿ ಠೇವಣಿಯ ಬಡ್ಡಿಯಲ್ಲಿ ಪುಸ್ತಕಗಳ ಕಟ್ಟೇ ಬರುತ್ತಿತ್ತು, ಈಗ ಒಂದು ನಿಘಂಟೂ ಬರುವುದಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನವರು 1914ರಲ್ಲಿ ಎದುರಿಸಿದ್ದು, ಕಾಲ ಕಳೆದಂತೆ ದತ್ತಿ ಕೆಲಸಕ್ಕೆ ಬಾರದಾಗುವ ಈ ತೊಡಕಿನ ಇನ್ನೊಂದು ಮುಖ. ಸತ್ತವರು ಬರೆದಿಟ್ಟ ಉದ್ದೇಶಕ್ಕೆ ಹಣ ಕಟ್ಟುಬಿದ್ದು ಕೊಳೆಯುತ್ತಿತ್ತು. ಎಲ್ಲರ ದತ್ತಿಯನ್ನೂ ಒಂದೆಡೆ ಸೇರಿಸಿ, ಆಯಾ ಕಾಲದ ಊರವರ ಸಮಿತಿಯೇ ಹಂಚಲಿ ಎಂದರು. ಸಮುದಾಯ ಪ್ರತಿಷ್ಠಾನ ಎಂಬ ಏರ್ಪಾಡು ಹುಟ್ಟಿದ್ದು ಹೀಗೆ. ನಮ್ಮ ಜಿಲ್ಲೆಯಲ್ಲಿ ಅಂಥ ಊರ ನಿಧಿ ನೆಲೆಗೊಳ್ಳಲೇ ಇಲ್ಲ. ಕೆಲಸಕ್ಕೆ ಇಳಿದವರು ಮಾತ್ರ ಇದ್ದರು. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1992ರಲ್ಲಿ ಜಿ.ಎಸ್. ಜಯದೇವ ಚಾಮರಾಜನಗರದಲ್ಲಿ ನಿರ್ಗತಿಕ ಮಕ್ಕಳಿಗಾಗಿ ದೀನಬಂಧು ಆರಂಭಿಸಿದರು. ಇಂಥ ಕೆಲಸಕ್ಕೆ ಕೈ ಹಾಕುವವರು ಅನುದಾನಕ್ಕೆ ಮುಖ ಮಾಡುವುದು ಊರಾಚೆಗೆ. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನೂ ಇದೆ. ಆದರೆ ಆ ಹಣ ಸಾಮಾನ್ಯವಾಗಿ ವರ್ಷ, ಎರಡು ವರ್ಷದ ಯೋಜನೆಗೆ ಬರುತ್ತದೆ. ಹುಡುಗಿಯೊಬ್ಬಳು ಏಳನೇ ತರಗತಿಯಿಂದ ಕಾಲೇಜು ಮುಗಿಸಲು ಎಂಟು ಒಂಬತ್ತು ವರ್ಷ ಬೇಕು.

ನಮ್ಮ ಸೀಮೆಯಲ್ಲಿ ಈಗ ಅರಿಶಿನವಿದೆ, ಬಾಳೆಯಿದೆ. ಅರಿಶಿನ ಬೇಯಿಸಿ ಒಣಗಿಸಿ ಮಾರುವಾಗ ಪ್ರತಿ ಮನೆಯೂ ಕ್ವಿಂಟಲಿಗೆ ಒಂದು ಕಿಲೋ ತೆಗೆದಿಟ್ಟರೆ ಸಾಕು, ಊರ ಮಕ್ಕಳಿಗೊಂದು ನಿಧಿಯಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಲಿದ್ದೇನೆ. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು, ಎಲ್ಲ ಕೇರಿಯವರೂ ಇರಬೇಕು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ಶಾಲೆಯ ರಸ್ತೆ ಬದಿಯ ಗೋಡೆಗೆ ಪ್ರತಿ ಯುಗಾದಿಗೂ ಬಣ್ಣದಲ್ಲಿ ಬರೆಸಬೇಕು.