ಕೊಟ್ರಮ್ಮ: ಒಂದು ಹೆಸರಿನ ಚರಿತ್ರೆ

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದಾಗ ನಮ್ಮ ಕ್ಲಾಸಿನಲ್ಲಿ ನಾಲ್ವರು ಕೊಟ್ರಮ್ಮಂದಿರಿದ್ದೆವು. ಮೇಷ್ಟ್ರು ಹಾಜರಿ ಕರೆಯುವಾಗ ಒಂದೇ ಹೆಸರಿಗೆ ನಾಲ್ವರೂ ಎದ್ದು ನಿಲ್ಲುತ್ತಿದ್ದೆವು. ಗಂಡುಹುಡುಗರು ಕಿಸಕ್ಕನೆ ನಗುತ್ತಿದ್ದರು. ಅವರಲ್ಲೂ ಮೂವರು ಕೊಟ್ರೇಶರಿದ್ದರು, ಆದರೆ ಅವರನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಹತ್ತನೇ ತರಗತಿಯಲ್ಲಿ ಪರೀಕ್ಷೆಯ ಅರ್ಜಿ ತುಂಬುವ ಸಮಯ ಬಂತು. ಹೆಸರು ಬದಲಿಸಿಕೊಳ್ಳಲು ಇದೇ ಕೊನೆಯ ಅವಕಾಶವೆಂದು ಯಾರೋ ಹೇಳಿದರು. ನನ್ನ ಹೆಸರನ್ನು ಕವಿತಾ ಎಂದು ಮಾಡಿಸಿರೆಂದು ಅಪ್ಪನನ್ನು ಕಾಡಿದೆ. ಅಪ್ಪ ಒಪ್ಪಿಯೂ ಆಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಇದನ್ನು ಕೇಳಿಸಿಕೊಂಡಳು. “ನಿನಕಿಂತ ಮುಂಚೆ ಎರಡು ಕೂಸು ಹೋದ್ವು. ನೀನಾದ್ರೂ ಉಳೀಲಿ ಅಂತ ಕೊಟ್ರಸ್ವಾಮಿ ತೇರಿಗೆ ನಡಕಂಡು ಹೋಗಿ ಬೇಡಿಕಂಡು ಬಂದೀನಿ. ಅದು ಬರೀ ಹೆಸರಲ್ಲ ಯವ್ವಾ, ಹರಕಿ” ಎಂದಳು. ನನಗೆ ಇಬ್ಬರು ಅಕ್ಕಂದಿರಿದ್ದರೆಂಬುದು ಗೊತ್ತಾದದ್ದು ಅಂದೇ. ಅರ್ಜಿಯಲ್ಲಿ ಕೊಟ್ರಮ್ಮ ಎಂದೇ ಬರೆದೆ.

ಮುಂದೆ ನಾನೂ ಶಿಕ್ಷಕಿಯಾದೆ. ಪ್ರತಿ ವರ್ಷ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆಯುವಾಗ ಹೆಸರುಗಳ ಬಗ್ಗೆ ಕುತೂಹಲ ಬೆಳೆಯಿತು. ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಕೊಟ್ರಮ್ಮ ಎಂಬುದರ ಮೂಲ ಕೊಟ್ಟೂರು. ಅಲ್ಲಿಯ ಗುರು ಕೊಟ್ಟೂರು ಬಸವೇಶ್ವರ, ಕೊಟ್ಟೂರೇಶ್ವರನೆಂದೂ ಹೆಸರು. ಜನರ ಬಾಯಲ್ಲಿ ಕೊಟ್ಟೂರೇಶ ಸವೆದು ಕೊಟ್ರೇಶನಾದ. ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಬಸಪ್ಪ, ಕೊಟ್ರಗೌಡ ಎಲ್ಲವೂ ಅದೇ ಬೇರಿನವು. ‘ಕೊಟ್ರ’ಕ್ಕೆ ‘ಅಮ್ಮ’ ಸೇರಿದರೆ ಕೊಟ್ರಮ್ಮ. ಬಸವನಿಂದ ಬಸಮ್ಮ ಆದಂತೆಯೇ ಇದು.

ಊರಿನ ಹೆಸರಿಗೆ ಏನರ್ಥ? ವೀರಭದ್ರನು ತನ್ನ ನೆಲೆಯನ್ನು ಬಸವೇಶ್ವರನಿಗೆ ಬಿಟ್ಟುಕೊಟ್ಟನಂತೆ, ‘ಕೊಟ್ಟ ಊರು’ ಕೊಟ್ಟೂರಾಯಿತಂತೆ. ಇದು ಹಿರಿಯರು ಹೇಳುವ ಕಥೆ. ‘ಕೊಟ್ಟ’ ಎಂದರೆ ಕೋಟೆ ಎಂಬ ಹಳೆಯ ಅರ್ಥವೂ ಉಂಟು. ಕೊಟ್ಟೂರು ಎಂಬ ಹೆಸರಿನ ಊರುಗಳು ಆಂಧ್ರ, ತಮಿಳುನಾಡು, ಕೇರಳಗಳಲ್ಲೂ ಇವೆ. ನಾಲ್ಕನೇ ಶತಮಾನದ ಸಮುದ್ರಗುಪ್ತನ ಸ್ತಂಭಶಾಸನದಲ್ಲಿ ಕಳಿಂಗದ ಕಡೆಯ ಒಂದು ‘ಕೋಟ್ಟೂರ’ದ ಹೆಸರು ಬರುತ್ತದೆ. ಅದು ನಮ್ಮ ಕೊಟ್ಟೂರಲ್ಲ. ಆದರೆ ಹೆಸರು ಎಷ್ಟು ಹಳೆಯದೆಂಬುದಕ್ಕೆ ಅದು ಸಾಕ್ಷಿ. ನನ್ನ ಅಜ್ಜಿಗೆ ಮಾತ್ರ ಮೊದಲ ಅರ್ಥವೇ ಸರಿ: ಸ್ವಾಮಿ ಕೊಟ್ಟ ಕೂಸು ಕೊಟ್ರಮ್ಮ.

ನಮ್ಮೂರ ದೇವರು ನಾರದಮುನಿ. ಹಾಗಿದ್ದೂ ಮನೆಮನೆಯಲ್ಲಿ ಕೊಟ್ಟೂರಿನ ಹೆಸರು ಯಾಕೆ? ನಮ್ಮ ಸೀಮೆಯಲ್ಲಿ ಹರಕೆ ಹೊತ್ತ ದೇವರ ಹೆಸರನ್ನು ಮಗುವಿಗೆ ಇಡುವುದು ವಾಡಿಕೆ. ಉಚ್ಚಂಗಿದುರ್ಗಕ್ಕೆ ನಡೆದುಕೊಳ್ಳುವವರ ಮನೆಯಲ್ಲಿ ಉಚ್ಚೆಂಗೆಮ್ಮ, ಮೈಲಾರಕ್ಕೆ ನಡೆದುಕೊಳ್ಳುವವರಲ್ಲಿ ಮೈಲಮ್ಮ, ಹುಲಿಗಿಗೆ ಹೋಗುವವರಲ್ಲಿ ಹುಲಿಗೆಮ್ಮ. ಕೊಟ್ಟೂರು ನಮಗೆ ದೂರವಲ್ಲ. ಮಾಘ ಮಾಸದ ತೇರಿಗೆ ದಾವಣಗೆರೆ ಕಡೆಯಿಂದಲೂ ಜನ ನಡೆದು ಬರುತ್ತಾರೆ. ತೇರು ಹೊರಡುವ ಮುನ್ನ ದಲಿತ ಹೆಣ್ಣುಮಕ್ಕಳು ಸ್ವಾಮಿಗೆ ಆರತಿ ಬೆಳಗುವುದು ಅಲ್ಲಿಯ ಸಂಪ್ರದಾಯ. ಈ ಹೆಸರು ಒಂದೇ ಜಾತಿಯ ಸೊತ್ತೂ ಅಲ್ಲ. ನಮ್ಮ ಕ್ಲಾಸಿನ ನಾಲ್ವರು ಕೊಟ್ರಮ್ಮಂದಿರು ನಾಲ್ಕು ಕೇರಿಯವರು.

ಹರಕೆಯ ಹಿಂದೆ ಭಕ್ತಿಯ ಜೊತೆಗೆ ಭಯವೂ ಇತ್ತು. ಹುಟ್ಟಿದ ಕೂಸುಗಳು ಸಾಲಾಗಿ ಸತ್ತಾಗ ಕಲ್ಲಮ್ಮ, ಗುಂಡಮ್ಮ, ಅಡಿವೆಮ್ಮ, ತಿಪ್ಪಮ್ಮ ಎಂದು ಇಡುತ್ತಿದ್ದರು. ಕಲ್ಲಿನಂತೆ ಗಟ್ಟಿಯಾಗಿರಲಿ, ತಿಪ್ಪೆಗೆ ಎಸೆದದ್ದೆಂದು ಸಾವು ಕಣ್ಣು ಹಾಕದಿರಲಿ ಎಂಬ ಆಸೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹರಕೆಯಿಂದ ತಿಪ್ಪಮ್ಮ ಆದವರೂ ಇದ್ದಾರೆ. ಹಳೆಯ ಹಾಜರಿ ಪುಸ್ತಕ ತೆರೆದರೆ ಇಂಥ ಹೆಸರುಗಳು ಸಾಲಾಗಿ ಸಿಗುತ್ತವೆ. ಒಂದೊಂದರ ಹಿಂದೆಯೂ ಒಬ್ಬ ತಾಯಿಯ ಕಣ್ಣೀರಿದೆ.

ಈಗ ಒಂದನೇ ತರಗತಿಗೆ ಕೊಟ್ರಮ್ಮ ಬರುವುದು ಅಪರೂಪ. ಸಹನಾ, ಕಾವ್ಯ, ಸಿಂಚನ ಬರುತ್ತಾರೆ. ಮೊದಮೊದಲು ನನಗೆ ಬೇಸರವಾಗುತ್ತಿತ್ತು. ನನ್ನ ಮಗಳು ಹುಟ್ಟಿದ್ದು ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ. ಹೌದು, ನಮ್ಮೂರಿನ ಹೆಸರನ್ನೇ ಹೊತ್ತ ಜಿಲ್ಲಾ ಆಸ್ಪತ್ರೆ ಅದು. ಆಕೆಗೆ ಹೆಸರಿಡುವಾಗ ಕೂಸು ಉಳಿಯುತ್ತದೋ ಇಲ್ಲವೋ ಎಂಬ ಅಳುಕು ನನಗಿರಲಿಲ್ಲ. ಲಸಿಕೆ, ಹೆರಿಗೆ ಆಸ್ಪತ್ರೆ, ಅಂಗನವಾಡಿಗಳು ಬಂದ ಮೇಲೆ ಹರಕೆಯ ಹೆಸರಿನ ಅಗತ್ಯ ಕಡಿಮೆಯಾಗಿದೆ. ಇದು ಸಂತೋಷದ ಸಂಗತಿಯೇ.

ಆದರೆ ಕೊಟ್ರೇಶ ಇನ್ನೂ ಇದ್ದಾನೆ, ಕೊಟ್ರಮ್ಮ ಮಾತ್ರ ಮರೆಯಾಗುತ್ತಿದ್ದಾಳೆ. ಗಂಡು ಹೆಸರು ಪುಸ್ತಕವನ್ನೂ ಸೇರಿದೆ. ವಿಜಯನಗರ ಕಾಲದ ನೀರಾವರಿ ಕುರಿತು ಬರೆದ ಸಂಶೋಧಕ ಸಿ.ಟಿ.ಎಂ. ಕೊಟ್ರಯ್ಯನವರನ್ನು ಚರಿತ್ರೆ ಓದಿದವರು ಬಲ್ಲರು. ಹೆಣ್ಣು ಹೆಸರು ಉಳಿದಿರುವುದು ರೇಷನ್ ಕಾರ್ಡಿನಲ್ಲಿ, ಹಾಜರಿ ಪುಸ್ತಕದಲ್ಲಿ. ‘ಅಮ್ಮ’ ಎಂದು ಮುಗಿಯುವ ಹೆಸರು ಹಳೆಯದೆಂದು ಹುಡುಗಿಯರು ನಾಚುತ್ತಾರೆ. ಒಂದು ಕಾಲಕ್ಕೆ ನಾನೂ ನಾಚಿದ್ದೆ.

ನಮ್ಮ ತಾಲ್ಲೂಕು 1953ರವರೆಗೆ ಮದ್ರಾಸಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ವಿಳಾಸ ಇಷ್ಟು ಸಲ ಬದಲಾದರೂ ನನ್ನ ಅಂಕಪಟ್ಟಿಯ ಹೆಸರು ಬದಲಾಗಲಿಲ್ಲ.

ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗೆ ನಿಮಗೆ ಇಷ್ಟವಾದ ಹೆಸರನ್ನೇ ಇಡಿ. ಆದರೆ ಮನೆಯಲ್ಲಿರುವ ಕೊಟ್ರಮ್ಮಜ್ಜಿಯನ್ನೋ ತಿಪ್ಪಮ್ಮಜ್ಜಿಯನ್ನೋ ಒಮ್ಮೆ ಕೂರಿಸಿಕೊಂಡು, ಆ ಹೆಸರು ಯಾಕೆ ಬಂತೆಂದು ಕೇಳಿ ಬರೆದಿಡಿ. ಉಳಿಯದೆ ಹೋದ ನನ್ನ ಇಬ್ಬರು ಅಕ್ಕಂದಿರ ನೆನಪು ಉಳಿದಿರುವುದು ನನ್ನ ಹೆಸರಿನಲ್ಲಿ ಮಾತ್ರ.