ಕಂಠನಾಡಿಗಿಂತ ಹತ್ತಿರ: ಸಹ್ಲ್ ತುಸ್ತರಿಯವರ ತಫ್ಸೀರ್ ಮತ್ತು ಒಂದು ಹಳೆಯ ಪ್ರಶ್ನೆ

ಸಹೋದರರೇ, ಸೂರಃ ಕಾಫ್‌ನ 16ನೇ ವಚನದ ಬಗ್ಗೆ ನಾವು ಜುಮಾದಲ್ಲಿ ಮಾತನಾಡಿದ ದಿನ, ನಮಾಝ್ ಮುಗಿದ ಮೇಲೆ ಕಾಲೇಜಿಗೆ ಹೋಗುವ ಯುವಕನೊಬ್ಬ ಬಂದು ಕುಳಿತ. “ಉಸ್ತಾದ್, ಅಲ್ಲಾಹನು ನಮ್ಮ ಕಂಠನಾಡಿಗಿಂತಲೂ ಹತ್ತಿರ ಇದ್ದಾನೆ ಅಂದಿರಿ. ಹಾಗಾದರೆ ನಮ್ಮೊಳಗಿನ ಅರಿವೇ ಅವನು ಅಂತ ಯಾಕೆ ಹೇಳಬಾರದು? ಒಳಗೇ ಇರುವಾಗ ಐದು ಹೊತ್ತು ಮಸೀದಿಗೆ ಯಾಕೆ ಬರಬೇಕು?” ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಿಟ್ಟಾಗಿ ಅವನನ್ನು ಎಬ್ಬಿಸಲು ಹೊರಟರು. ನಾವು ತಡೆದೆವು. ಇದು ಮೊಬೈಲ್ ನೋಡಿ ಹುಟ್ಟಿದ ಪ್ರಶ್ನೆಯಲ್ಲ. ಸಾವಿರದ ನೂರು ವರ್ಷಗಳ ಹಿಂದೆಯೇ ನಮ್ಮ ಇಮಾಮರು ಇದಕ್ಕೆ ಉತ್ತರ ಕೊಡಬೇಕಾಗಿ ಬಂದಿತ್ತು.

ಆ ವಚನದ ಸಾಮೀಪ್ಯವೆಂದರೆ ಅಲ್ಲಾಹನ ಜ್ಞಾನ ಎಂದು ತಫ್ಸೀರಿನ ಹಲವು ವಿದ್ವಾಂಸರು ಹೇಳಿದ್ದಾರೆ. ಮನಸ್ಸಿನ ಪಿಸುಮಾತೂ ಅವನಿಗೆ ತಿಳಿದಿದೆ ಎಂದು ಅದೇ ವಚನ ಹೇಳುತ್ತದೆ. ಇಬ್ನ್ ಕಸೀರ್ (ಮರಣ ಹಿಜರಿ 774) ಅವರು ಇಲ್ಲಿ ಮಲಕ್‌ಗಳ ಸಾಮೀಪ್ಯವನ್ನು ಅರ್ಥಮಾಡಿದ್ದಾರೆ, ಏಕೆಂದರೆ ಮುಂದಿನ ವಚನ ಕರ್ಮಗಳನ್ನು ಬರೆಯುವ ಇಬ್ಬರು ಮಲಕ್‌ಗಳ ಕುರಿತಾಗಿದೆ. ಆದರೆ ಯುವಕನ ಪ್ರಶ್ನೆಗೆ ಇಷ್ಟು ಸಾಲದು. ಅವನು ಕೇಳಿದ್ದು ಹೃದಯದ ವಿಷಯ. ಆ ವಿಷಯದಲ್ಲಿ ಮೊದಲಿಗೆ ಬರುವ ಹೆಸರು ಸಹ್ಲ್ ಬಿನ್ ಅಬ್ದುಲ್ಲಾಹ್ ಅತ್ತುಸ್ತರಿ(ರಹ್).

ಇರಾನಿನ ಖೂಝಿಸ್ತಾನದಲ್ಲಿರುವ ತುಸ್ತರ್ ಅವರ ಊರು. ಇಂದು ಅದನ್ನು ಶೂಶ್ತರ್ ಎನ್ನುತ್ತಾರೆ. ಅವರ ಬಾಲ್ಯದ ಕಥೆಯನ್ನು ಇಮಾಮ್ ಖುಶೈರಿ(ರಹ್) ತಮ್ಮ ‘ರಿಸಾಲಃ’ದಲ್ಲಿ ದಾಖಲಿಸಿದ್ದಾರೆ. ಮೂರು ವರ್ಷದ ಸಹ್ಲ್ ರಾತ್ರಿ ಎದ್ದು ಕುಳಿತು ಸೋದರಮಾವ ಮುಹಮ್ಮದ್ ಬಿನ್ ಸವ್ವಾರ್ ನಮಾಝ್ ಮಾಡುವುದನ್ನು ನೋಡುತ್ತಿದ್ದ. ಹೋಗಿ ಮಲಗಿಕೋ ಮಗು ಎಂದರೂ ಕೇಳುತ್ತಿರಲಿಲ್ಲ. ಒಂದು ದಿನ ಮಾವ ಅವನಿಗೊಂದು ಝಿಕ್ರ್ ಕಲಿಸಿದರು. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ನಾಲಿಗೆ ಅಲುಗಿಸದೆ, ಅಲ್ಲಾಹನು ನನ್ನ ಜೊತೆಗಿದ್ದಾನೆ, ನನ್ನನ್ನು ನೋಡುತ್ತಿದ್ದಾನೆ, ನನಗೆ ಸಾಕ್ಷಿಯಾಗಿದ್ದಾನೆ ಎಂಬ ಅರ್ಥದ ಮೂರು ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಮೊದಲು ಮೂರು ಸಲ, ಕೆಲವು ರಾತ್ರಿಗಳ ನಂತರ ಏಳು ಸಲ, ಆಮೇಲೆ ಹನ್ನೊಂದು ಸಲ. ಹುಡುಗನ ಹೃದಯದಲ್ಲಿ ಅದರ ಸವಿ ನೆಲೆಸಿತು. ವರ್ಷ ಕಳೆದ ಮೇಲೆ ಮಾವ ಕೇಳಿದ ಪ್ರಶ್ನೆ ಇದು: ಅಲ್ಲಾಹನು ಯಾರ ಜೊತೆಗಿದ್ದು ನೋಡುತ್ತಾ ಸಾಕ್ಷಿಯಾಗಿರುತ್ತಾನೋ ಅವನು ಅಲ್ಲಾಹನ ಆಜ್ಞೆ ಮೀರುತ್ತಾನೆಯೇ?

ಇಲ್ಲಿ ಸ್ವಲ್ಪ ನಿಲ್ಲೋಣ. ಅಲ್ಲಾಹನು ಹತ್ತಿರ ಇದ್ದಾನೆ ಎಂಬ ಅರಿವಿನಿಂದ ಮಾವ ತಲುಪಿದ್ದು ಪಾಪದಿಂದ ದೂರ ಉಳಿಯುವ ಮಾತಿಗೆ. ಜೊತೆಗಿರುವವನು ಬೇರೆ, ಯಾರ ಜೊತೆಗಿದ್ದಾನೋ ಅವನು ಬೇರೆ. ನೋಡುವವನು ಒಡೆಯ, ನೋಡಲ್ಪಡುವವನು ದಾಸ. ಮೂರು ವರ್ಷದ ಮಗುವಿಗೆ ಕಲಿಸಿದ ಆ ಪಾಠದಲ್ಲೇ ತೌಹೀದ್ ಭದ್ರವಾಗಿದೆ.

ಮುಂದೆ ಅವರು ಶಿಷ್ಯರಿಗೆ ಹೇಳಿಕೊಟ್ಟ ವ್ಯಾಖ್ಯಾನಗಳು ಸೇರಿ ‘ತಫ್ಸೀರು ತುಸ್ತರಿ’ ಆಯಿತು. ನಮಗೆ ದೊರೆತಿರುವ ಸೂಫಿ ತಫ್ಸೀರ್‌ಗಳಲ್ಲಿ ಅತ್ಯಂತ ಹಳೆಯವುಗಳಲ್ಲಿ ಅದೂ ಒಂದು. ಸೂರಃ ನಿಸಾಅ್‌ನ 36ನೇ ವಚನವನ್ನೇ ನೋಡಿ. ಬಂಧುವಾದ ನೆರೆಯವನು, ಬಂಧುವಲ್ಲದ ನೆರೆಯವನು, ಪಕ್ಕದ ಸಂಗಾತಿ, ದಾರಿಹೋಕ, ಇವರೆಲ್ಲರಿಗೂ ಒಳಿತು ಮಾಡಬೇಕೆಂದು ಅಲ್ಲಿ ಆಜ್ಞೆಯಿದೆ. ತುಸ್ತರಿಯವರು ಮೊದಲು ಹೊರಗಿನ ಅರ್ಥವನ್ನೇ ಹೇಳುತ್ತಾರೆ. ಆಮೇಲೆ ಒಳಗಿನ ಸೂಚನೆ: ಹತ್ತಿರದ ನೆರೆಯವನು ಹೃದಯ, ಅಪರಿಚಿತ ನೆರೆಯವನು ನಫ್ಸ್, ಪಕ್ಕದ ಸಂಗಾತಿ ಶರೀಅತ್‌ನ ದಾರಿಯಲ್ಲಿ ನಡೆಯುವ ಬುದ್ಧಿ, ದಾರಿಹೋಕ ಅಲ್ಲಾಹನಿಗೆ ವಿಧೇಯವಾದ ಅಂಗಾಂಗಗಳು. ಇದನ್ನು ಓದಿ, ನೆರೆಯವನೆಂದರೆ ನನ್ನ ಹೃದಯವೇ, ಹಾಗಾಗಿ ಬೇಲಿಯಾಚೆಯ ಅಬ್ಬೂಕಾಕನ ಹಕ್ಕು ತೀರಿತು ಎಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಆದರೆ ಅದೇ ಮಾತನ್ನು ನಮಾಝಿಗೆ ಹೇಳಿದರೆ ಕೆಲವರಿಗೆ ಅದು ದೊಡ್ಡ ಜ್ಞಾನವಾಗಿ ಕಾಣುತ್ತದೆ!

ತುಸ್ತರಿಯವರು ಊರು ಬಿಟ್ಟು ಬಸ್ರಾಕ್ಕೆ ಹೋಗಬೇಕಾಯಿತು. ಪ್ರತಿ ಉಸಿರಿಗೂ ತೌಬಾ ಮಾಡುವುದು ದಾಸನ ಮೇಲೆ ಕಡ್ಡಾಯ ಎಂದು ಅವರು ಹೇಳಿದ್ದಕ್ಕೆ ಊರಿನ ವಿದ್ವಾಂಸನೊಬ್ಬ ಜನರನ್ನು ಎತ್ತಿಕಟ್ಟಿದ ಎಂಬ ವರದಿ ಅಬೂ ನಸ್ರ್ ಸರ್ರಾಜ್ ಅವರ ಗ್ರಂಥದಲ್ಲಿದೆ. ಕರ್ಮ ಕಡಿಮೆ ಮಾಡಿದ್ದಕ್ಕಲ್ಲ, ಹೆಚ್ಚು ಕೇಳಿದ್ದಕ್ಕೆ! ಹಿಜರಿ 283ರಲ್ಲಿ (ಕ್ರಿ.ಶ. 896) ಬಸ್ರಾದಲ್ಲೇ ಅವರು ವಫಾತ್ ಆದರು.

ಅವರ ಬಳಿ ಎರಡು ವರ್ಷ ಇದ್ದ ಹುಡುಗನೊಬ್ಬನ ಹೆಸರು ಎಲ್ಲರಿಗೂ ಗೊತ್ತು: ಹುಸೈನ್ ಬಿನ್ ಮನ್ಸೂರ್ ಹಲ್ಲಾಜ್. ‘ನಾನೇ ಹಖ್’ ಎಂಬ ಮಾತಿಗಾಗಿ ಅವರನ್ನು ಕೊಂದರು ಎಂದೇ ಜನ ಹೇಳುತ್ತಾರೆ. ಆದರೆ ಬಗ್ದಾದಿನ ವಿಚಾರಣೆಯಲ್ಲಿ ಕೊನೆಗೆ ನಿರ್ಣಾಯಕವಾದ ಆರೋಪ ಬೇರೆ. ಹಜ್‌ಗೆ ಹೋಗಲಾಗದವನು ಮನೆಯಲ್ಲೇ ಒಂದು ಶುದ್ಧ ಕೋಣೆ ಮಾಡಿ, ಅದಕ್ಕೆ ತವಾಫ್ ಮಾಡಿ, ಅನಾಥರಿಗೆ ಉಣಿಸಿ ಉಡಿಸಿದರೆ ಅದೇ ಹಜ್‌ಗೆ ಸಾಕು ಎಂಬ ಬರಹ ಅವರದೆಂದು ಸಿಕ್ಕಿತ್ತು. ಹಿಜರಿ 309ರಲ್ಲಿ (ಕ್ರಿ.ಶ. 922) ಮರಣದಂಡನೆ ಆಯಿತು. ಅದರ ಹಿಂದೆ ದರ್ಬಾರಿನ ರಾಜಕೀಯವೂ ಬೇಕಾದಷ್ಟಿತ್ತು. ಅವರ ವಿಷಯದಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ, ತೀರ್ಪನ್ನು ನಾವು ಅಲ್ಲಾಹನಿಗೆ ಬಿಡುತ್ತೇವೆ. ಆದರೆ ಒಳಗಿನದು ಹೊರಗಿನದರ ಜಾಗಕ್ಕೆ ಬಂದು ಕೂರಬಹುದೇ ಎಂಬ ನಮ್ಮ ಯುವಕನ ಪ್ರಶ್ನೆಯೇ ಆ ನ್ಯಾಯಾಲಯದಲ್ಲೂ ಇತ್ತು.

ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟವರು ಇಮಾಮ್ ಗಝಾಲಿ(ರಹ್). ನಾಯಿ ಇರುವ ಮನೆಗೆ ಮಲಕ್‌ಗಳು ಪ್ರವೇಶಿಸುವುದಿಲ್ಲ ಎಂಬ ಹದೀಸನ್ನು ‘ಮಿಶ್ಕಾತುಲ್ ಅನ್ವಾರ್’ನಲ್ಲಿ ಅವರು ಎತ್ತಿಕೊಳ್ಳುತ್ತಾರೆ. ಹೃದಯವೆಂಬ ಮನೆಯಿಂದ ಕೋಪವೆಂಬ ನಾಯಿಯನ್ನು ಹೊರಗಟ್ಟಬೇಕೆಂಬ ಸೂಚನೆ ಅದರಲ್ಲಿದೆ. ಆದರೆ ಹದೀಸಿನ ಉದ್ದೇಶ ಅಷ್ಟೇ ಎಂದು ಹೇಳಿ ಮನೆಯಲ್ಲಿ ನಾಯಿಯನ್ನು ಉಳಿಸಿಕೊಳ್ಳುವವನು ಬಾತಿನಿಯ್ಯಃ ಪಂಥದವನು. ಹೊರಗಿನದನ್ನಷ್ಟೇ ಕಂಡವನೂ ಅಪೂರ್ಣ. ಎರಡನ್ನೂ ಕೂಡಿಸುವವನೇ ಪೂರ್ಣ. ಮೂಸಾ(ಅ) ಪಾದರಕ್ಷೆ ಕಳಚಿದ್ದೂ ನಿಜ, ಎರಡು ಲೋಕಗಳ ಆಸೆಯನ್ನು ಕಳಚಿದ್ದೂ ನಿಜ ಎಂಬುದು ಅವರ ವಿವರಣೆ. ನಂತರ ಗ್ರನಾಡಾದ ಇಮಾಮ್ ಶಾತಿಬಿ (ಮರಣ ಹಿಜರಿ 790) ಅವರು ಒಳಾರ್ಥಕ್ಕೆ ಎರಡು ಷರತ್ತು ಹಾಕಿದರು: ಅದು ಅರಬಿ ಭಾಷೆಗೆ ಹೊಂದಬೇಕು, ಅದಕ್ಕೆ ಶರೀಅತ್‌ನ ಬೇರೆ ಕಡೆಯಿಂದಲೂ ಪುರಾವೆ ಬೇಕು.

ಈ ಚರ್ಚೆ ನಮ್ಮ ನಾಡಿಗೂ ಬಂದಿದೆ. ತೈಮೂರನು ದೆಹಲಿಗೆ ನುಗ್ಗಿದ 1398ರಲ್ಲಿ ಆ ಊರು ಬಿಟ್ಟ ಸಯ್ಯಿದ್ ಮುಹಮ್ಮದ್ ಹುಸೈನಿ(ರಹ್), ಅಂದರೆ ಕಲಬುರಗಿಯ ಹಝ್ರತ್ ಬಂದೇ ನವಾಝ್, ಬಹಮನಿ ಸುಲ್ತಾನ್ ಫಿರೋಝ್ ಶಾಹನ ಕಾಲದಲ್ಲಿ ಇಲ್ಲಿಗೆ ಬಂದು, 1422ರಲ್ಲಿ ಇಲ್ಲಿಯೇ ವಫಾತ್ ಆದರು. ದರ್ಗಾಕ್ಕೆ ಹೋಗಿಬರುವವರಲ್ಲಿ ಎಷ್ಟು ಮಂದಿಗೆ ಅವರೊಬ್ಬ ಮುಫಸ್ಸಿರ್ ಎಂದು ಗೊತ್ತು? ಕುರ್‌ಆನಿಗೆ ‘ಮುಲ್ತಖತ್’ ಎಂಬ ತಫ್ಸೀರ್ ಅವರದಿದೆ. ಸೂಫಿಯಾಗಿದ್ದುಕೊಂಡೇ ಅವರು ಇಬ್ನ್ ಅರಬಿಯವರ ವಹ್ದತುಲ್ ವುಜೂದ್ ವಾದವನ್ನು ಟೀಕಿಸಿದರು. ತುಸ್ತರ್‌ನ ಹುಡುಗನ ಕಥೆಯಿರುವ ಅದೇ ‘ರಿಸಾಲಃ’ಕ್ಕೆ ಫಾರ್ಸಿಯಲ್ಲಿ ಶರ್ಹ್ ಬರೆದವರೂ ಅವರೇ.

ಇಷ್ಟನ್ನೂ ಕೇಳಿ ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಆ ಮೂರು ಮಾತುಗಳನ್ನು ತಾನೂ ಹೇಳಬಹುದೇ ಎಂದು ಕೇಳಿದ. ಇಶಾ ಜಮಾಅತ್ ಮುಗಿಸಿ ಮನೆಗೆ ಹೋಗಿ ಮಲಗುವಾಗ ಹೇಳು, ಮೊದಲು ಮೂರೇ ಸಲ ಸಾಕು ಎಂದೆವು.